ಚಿನ್ನದ ನಾಡಿನ ಹೊಸ ಲೆಕ್ಕದಲ್ಲಿ ವಿಕಲಚೇತನರ ಪಾಲು

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಕೋಲಾರ ಚಿನ್ನದ ಗಣಿಗಳಲ್ಲಿ ತನ್ನ ಕಾರ್ಯಾಚರಣೆಯನ್ನು ನಿಲ್ಲಿಸಿದಾಗ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಏಕಕಾಲದಲ್ಲಿ ಉದ್ಯೋಗ ಕಳೆದುಕೊಂಡರು. ಅಂದಿನಿಂದ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಆರ್ಥಿಕ ಪುನಶ್ಚೇತನವನ್ನು ಕುರಿತು ನಡೆದಿರುವ ಚರ್ಚೆಗಳೆಲ್ಲ ಬಹುಮಟ್ಟಿಗೆ ಮೂರು ಪ್ರಶ್ನೆಗಳ ಸುತ್ತಲೇ ಇವೆ. ಗಣಿಯನ್ನು ಮತ್ತೆ ತೆರೆಯುವುದು ಲಾಭದಾಯಕವೇ? ಬಳಕೆಯಾಗದೆ ಉಳಿದಿರುವ ಜಮೀನಿಗೆ ಯಾವ ಕೈಗಾರಿಕೆ ಬರಬೇಕು? ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವ ಸಾವಿರಾರು ದುಡಿಯುವ ಜನರಿಗೆ ಊರಿನಲ್ಲಿಯೇ ಕೆಲಸ ಒದಗಿಸುವುದು ಹೇಗೆ?

ಮೂರೂ ಯೋಗ್ಯವಾದ ಪ್ರಶ್ನೆಗಳೇ. ಆದರೆ ಆ ರೈಲನ್ನು ಹತ್ತಲಾಗದವರ ಪ್ರಶ್ನೆ ಈ ಮೂರರಲ್ಲಿ ಎಲ್ಲಿಯೂ ಇಲ್ಲ. ಕೈಕಾಲಿನ ಬಲ ಕಳೆದುಕೊಂಡವರು, ದೃಷ್ಟಿ ಅಥವಾ ಶ್ರವಣ ದೋಷವುಳ್ಳವರು, ಬುದ್ಧಿಮಾಂದ್ಯ ಮಕ್ಕಳಿರುವ ಮನೆಗಳವರು, ಗಣಿಯ ಧೂಳಿನಿಂದ ಶ್ವಾಸಕೋಶ ಹಾಳಾಗಿ ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವರು, ಇವರೆಲ್ಲ ಅಭಿವೃದ್ಧಿಯ ಚರ್ಚೆಗೆ ಬರುವುದು ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನದಂದು ಮಾತ್ರ. ಅಂದು ತ್ರಿಚಕ್ರ ವಾಹನಗಳ ವಿತರಣೆ, ಹಣ್ಣುಹಂಪಲು, ಸನ್ಮಾನ ನಡೆಯುತ್ತವೆ. ಮರುದಿನದಿಂದ ಎಲ್ಲವೂ ಯಥಾಸ್ಥಿತಿ. ಬಡತನ ನಿವಾರಣೆಯ ಯಾವುದೇ ಯೋಜನೆ ಇವರನ್ನು ಫಲಾನುಭವಿಗಳ ಪಟ್ಟಿಯ ಕೊನೆಗೆ ಸೇರಿಸುವ ಬದಲು, ದುಡಿಯುವವರ ಪಟ್ಟಿಯ ಒಳಗೆ ಸೇರಿಸಬೇಕೆಂಬುದೇ ಈ ಲೇಖನದ ವಾದ. ಈ ಕೆಲಸದಲ್ಲಿ ಸರ್ಕಾರಕ್ಕಿರುವಷ್ಟೇ ಹೊಣೆ ವಾಣಿಜ್ಯ ಸಮುದಾಯಕ್ಕೂ ಇದೆ.

ಉತ್ಪಾದನೆಯೇ ತಂದ ವೈಕಲ್ಯ

ಉಳಿದ ಊರುಗಳಲ್ಲಿ ಅಂಗವೈಕಲ್ಯವನ್ನು ವಿಧಿಯೆಂದು ಹೇಳಿ ಸುಮ್ಮನಾಗುವುದುಂಟು. ಕೆ.ಜಿ.ಎಫ್.ನಲ್ಲಿ ಹಾಗೆ ಹೇಳಲು ಬರುವುದಿಲ್ಲ. ಇಲ್ಲಿನ ವೈಕಲ್ಯದ ಒಂದು ಭಾಗವಾದರೂ ಉತ್ಪಾದನೆಯ ವೆಚ್ಚವಾಗಿತ್ತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಆಧುನಿಕ ಗಣಿಗಾರಿಕೆ ಬೇರೂರಿದ ಮೇಲೆ ಈ ನೆಲದಿಂದ 800 ಟನ್‌ಗೂ ಹೆಚ್ಚು ಚಿನ್ನ ಹೊರಬಂದಿದೆ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆನಿಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗಳಿಗೆ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು.

ಅದೇ ಆಳದಲ್ಲಿ ಬಂಡೆಗಳು ಒತ್ತಡ ತಾಳಲಾರದೆ ಸಿಡಿಯುತ್ತಿದ್ದವು. ಕೊರೆಯುವ ಯಂತ್ರಗಳ ಸದ್ದಿಗೆ ಕಿವಿ ಮಂದವಾಗುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಬೆಣಚುಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ಗುಣವಾಗದ ರೋಗವನ್ನು ತರುತ್ತಿತ್ತು. ಭಾರತದಲ್ಲಿ ಈ ರೋಗವನ್ನು ಕುರಿತ ಮೊದಲ ದೊಡ್ಡ ಸಮೀಕ್ಷೆ ನಡೆದದ್ದೇ ಇಲ್ಲಿ. 1940ರ ದಶಕದಲ್ಲಿ ಏಳು ಸಾವಿರಕ್ಕೂ ಮೀರಿದ ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡಾ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಅದರ ಲಕ್ಷಣಗಳು ಕಂಡುಬಂದವು. ಮೈಸೂರು ಸಂಸ್ಥಾನವು 1940ರಲ್ಲಿಯೇ ಸಿಲಿಕೋಸಿಸ್ ನಿಯಮಗಳನ್ನು ರೂಪಿಸಿ, ಈ ರೋಗಕ್ಕೆ ಪರಿಹಾರ ಸಲ್ಲಬೇಕೆಂದು ಒಪ್ಪಿಕೊಂಡಿತು. ದುಡಿಮೆಯಿಂದ ಬಂದ ಅಶಕ್ತತೆಗೆ ಉದ್ಯಮವು ಬೆಲೆ ತೆರಬೇಕು ಎಂಬ ತತ್ವವನ್ನು ಹೀಗೆ ಬಹಳ ಮೊದಲೇ ಮಾನ್ಯ ಮಾಡಿದ ನಾಡಿದು.

ಗಣಿ ಮುಚ್ಚಿದ ಮೇಲೆ ಆ ತತ್ವದ ವಾರಸುದಾರರು ಯಾರೂ ಉಳಿಯಲಿಲ್ಲ. ರೋಗವನ್ನು ಗುರುತಿಸಿ ದಾಖಲೆಯಿಡುತ್ತಿದ್ದ ಗಣಿ ಆಸ್ಪತ್ರೆಯ ಬಾಗಿಲೂ ಮುಚ್ಚಿತು. 2021ರಲ್ಲಿ ಕೋವಿಡ್ ರೋಗಿಗಳಿಗಾಗಿ ಸ್ವಯಂಸೇವಕರು ಆ ಕಟ್ಟಡವನ್ನು ಗುಡಿಸಿ ತೊಳೆದು ಮತ್ತೆ ಬಳಕೆಗೆ ತಂದದ್ದು, ಊರಿನ ಜನ ಮನಸ್ಸು ಮಾಡಿದರೆ ಏನು ಸಾಧ್ಯ ಎಂಬುದಕ್ಕೆ ಸಾಕ್ಷಿ. ಸಿಲಿಕೋಸಿಸ್ ಮಾತ್ರ ಗಣಿ ಮುಚ್ಚಿದ ದಿನ ಮುಚ್ಚುವ ರೋಗವಲ್ಲ. ಧೂಳಿನ ಸಂಪರ್ಕ ನಿಂತು ವರ್ಷಗಳಾದ ಮೇಲೂ ಅದು ಬೆಳೆಯಬಲ್ಲದು.

ಬಂಗಾರಪೇಟೆಯ ಹಳ್ಳಿಗಳ ಕಥೆ ಬೇರೆ, ಪರಿಣಾಮ ಒಂದೇ. ಕೋಲಾರ ಜಿಲ್ಲೆಯಲ್ಲಿ ನದಿಗಳು ಬತ್ತಿ, ಕೆರೆಗಳು ಸೊರಗಿ, ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ತಲೆದೋರಿತು. ದೀರ್ಘಕಾಲ ಅಂಥ ನೀರನ್ನು ಕುಡಿದವರ ಮೂಳೆಕೀಲುಗಳು ಬಿಗಿದುಕೊಂಡು ಬಗ್ಗಿ ಏಳುವ ದುಡಿಮೆ ಅಸಾಧ್ಯವಾಗುತ್ತದೆ. ಕೂಲಿಯೇ ಆಧಾರವಾದ ಮನೆಯಲ್ಲಿ ಇದರರ್ಥ ಆದಾಯ ನಿಂತಿತು ಎಂದೇ.

ಪಟ್ಟಿಯಲ್ಲಿ ಇಲ್ಲದವರು

ಅಂಗವಿಕಲರ ಹಕ್ಕುಗಳ ಕಾಯಿದೆ, 2016, ಹಿಂದಿನ 1995ರ ಕಾಯಿದೆಯ 7 ವಿಧದ ವೈಕಲ್ಯಗಳ ಬದಲು 21 ವಿಧಗಳನ್ನು ಗುರುತಿಸಿತು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ಈ ಕಾಯಿದೆ ನಿಜಕ್ಕೂ ದೊಡ್ಡ ಮುನ್ನಡೆ. ಆದರೆ ಆ 21ರ ಪಟ್ಟಿಯಲ್ಲಿ ಧೂಳಿನಿಂದ ಬರುವ ಶ್ವಾಸಕೋಶದ ಅಶಕ್ತತೆ ಇಲ್ಲ. ಹೀಗಾಗಿ ಕೊರೆಯುವ ಯಂತ್ರದ ಸದ್ದಿಗೆ ಕಿವಿ ಕಳೆದುಕೊಂಡ ಗಣಿ ಕಾರ್ಮಿಕನು ನಿಗದಿತ ಪ್ರಮಾಣದ ದೋಷವಿದ್ದರೆ ಅಂಗವಿಕಲನೆನಿಸಿಕೊಳ್ಳುತ್ತಾನೆ. ಅದೇ ಯಂತ್ರದ ಧೂಳಿಗೆ ಶ್ವಾಸಕೋಶವನ್ನು ಕಳೆದುಕೊಂಡ ಅವನ ಜೊತೆಗಾರನು ಮೆಟ್ಟಿಲು ಹತ್ತಲಾರದಿದ್ದರೂ ಈ ಕಾಯಿದೆಯ ದೃಷ್ಟಿಯಲ್ಲಿ ಸಶಕ್ತನೇ!

ಈ ಕೊರತೆಯನ್ನು ರಾಜ್ಯಮಟ್ಟದಲ್ಲಿ ತುಂಬಲು ಸಾಧ್ಯವೆಂಬುದನ್ನು ರಾಜಸ್ಥಾನ ತೋರಿಸಿಕೊಟ್ಟಿದೆ. ಕಲ್ಲುಗಣಿಗಳು ಅಧಿಕವಾಗಿರುವ ಆ ರಾಜ್ಯವು 2019ರಲ್ಲಿ ಸಿಲಿಕೋಸಿಸ್ ಸೇರಿದಂತೆ ಧೂಳಿನ ಕಾಯಿಲೆಗಳಿಗಾಗಿಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿ, ರೋಗಿಗಳ ನೋಂದಣಿ, ಪ್ರಮಾಣಪತ್ರ, ಪರಿಹಾರಧನ ಮತ್ತು ಮಾಸಿಕ ಪಿಂಚಣಿಗೆ ವ್ಯವಸ್ಥೆ ಮಾಡಿತು. 1940ರಲ್ಲಿ ಮುಂದಿದ್ದ ನಾಡು ಈಗ ಹಿಂದುಳಿಯಲು ಕಾರಣವೇನೂ ಕಾಣದು. ಹಿರಿಯ ಗಣಿ ಕಾರ್ಮಿಕರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ತಡವಾಗಿ ಬರುವ ನೀತಿಗೆ ಫಲಾನುಭವಿಗಳೇ ಉಳಿದಿರುವುದಿಲ್ಲ.

ಎಣಿಕೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರು, ಅಂದರೆ ಜನಸಂಖ್ಯೆಯ ಶೇಕಡಾ 2.21. ಕರ್ನಾಟಕದಲ್ಲಿ ಈ ಸಂಖ್ಯೆ 13.24 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಜನರಲ್ಲಿ ಶೇಕಡಾ 16, ಎಂದರೆ ಸುಮಾರು 130 ಕೋಟಿ ಮಂದಿ, ಗಣನೀಯ ವೈಕಲ್ಯದೊಡನೆ ಬದುಕುತ್ತಿದ್ದಾರೆ. ಭಾರತೀಯರು ಉಳಿದವರಿಗಿಂತ ಏಳು ಪಟ್ಟು ಆರೋಗ್ಯವಂತರೆಂದು ಇದರರ್ಥವಲ್ಲ. ಪ್ರಶ್ನೆ ಕೇಳುವ ರೀತಿ ಬೇರೆ, ಉತ್ತರಿಸುವವರ ಸಂಕೋಚ ಬೇರೆ. ಜನಗಣತಿಯಲ್ಲಿ ಈ ಪ್ರಶ್ನೆ ಇರಲೇಬೇಕೆಂದು 2001ರ ಗಣತಿಗೆ ಮುನ್ನ ಜಾವೇದ್ ಅಬಿದಿ ಮುಂತಾದವರು ಹೋರಾಡಬೇಕಾಯಿತು ಎಂಬುದನ್ನು ಇಲ್ಲಿ ನೆನೆಯಬಹುದು. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲೇ ಇಲ್ಲ. ಹಳೆಯ ಅಂಕಿಗಳ ಮೇಲೆ ಆಯವ್ಯಯ ಕಟ್ಟಿದರೆ ಬಹಳಷ್ಟು ಜನ ಲೆಕ್ಕದಿಂದ ಹೊರಗೆ ಉಳಿಯುವುದು ಸಹಜ.

ಹೊರಗಿಡುವುದೂ ಒಂದು ವೆಚ್ಚ

2000ದಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಸಹಸ್ರಮಾನದ ಅಭಿವೃದ್ಧಿ ಗುರಿಗಳು ಎಂಟು. ಅವುಗಳಲ್ಲಿ ಒಂದರಲ್ಲಿಯೂ ಅಂಗವಿಕಲರ ಪ್ರಸ್ತಾಪವಿರಲಿಲ್ಲ. ಬಡತನವನ್ನು ಅರ್ಧಕ್ಕಿಳಿಸುವ ಆ ಮಹತ್ವಾಕಾಂಕ್ಷೆಯ ಪಟ್ಟಿ, ಬಡವರಲ್ಲಿ ಕಡುಬಡವರಾದವರನ್ನೇ ಮರೆತಿತ್ತು. 2006ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು 2007ರ ಅಕ್ಟೋಬರ್ 1ರಂದು ಅದನ್ನು ಅನುಮೋದಿಸಿತು. 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಶಿಕ್ಷಣ, ಉದ್ಯೋಗ, ಅಸಮಾನತೆ ಮತ್ತು ನಗರಗಳನ್ನು ಕುರಿತ ಗುರಿಗಳಲ್ಲಿ ಅಂಗವಿಕಲರ ಹೆಸರು ಸ್ಪಷ್ಟವಾಗಿ ಬಂದಿತು.

ಜಗತ್ತು ಈ ತಿರುವು ತೆಗೆದುಕೊಂಡದ್ದು ಕೇವಲ ಕರುಣೆಯಿಂದಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2009ರಲ್ಲಿ ಪ್ರಕಟಿಸಿದ ಅಧ್ಯಯನವು ಹತ್ತು ಅಭಿವೃದ್ಧಿಶೀಲ ರಾಷ್ಟ್ರಗಳನ್ನು ಪರಿಶೀಲಿಸಿ, ಅಂಗವಿಕಲರನ್ನು ದುಡಿಮೆಯಿಂದ ಹೊರಗಿಟ್ಟಿರುವುದರಿಂದ ಆಗುವ ನಷ್ಟ ಒಟ್ಟು ಆಂತರಿಕ ಉತ್ಪನ್ನದ ಶೇಕಡಾ 3ರಿಂದ 7ರಷ್ಟೆಂದು ಅಂದಾಜು ಮಾಡಿತು. ವ್ಯಾಪಾರಸ್ಥರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ವಿಕಲಚೇತನನಿಗೆ ಕೆಲಸವಿಲ್ಲದಿದ್ದರೆ ಅವನ ಗಳಿಕೆಯೊಂದೇ ಅಲ್ಲ, ಅವನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ತಾಯಿಯ ಅಥವಾ ಹೆಂಡತಿಯ ಗಳಿಕೆಯೂ ನಿಲ್ಲುತ್ತದೆ. ಕೊಳ್ಳುವ ಶಕ್ತಿ ಕುಗ್ಗಿದ ಎರಡು ಗಿರಾಕಿಗಳು ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಿಂದ ಕಡಿಮೆಯಾಗುತ್ತಾರೆ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು ಇನ್ನೊಂದು ಮುಖವನ್ನು ತೋರಿಸಿದ್ದಾರೆ. ಅಂಗವಿಕಲರಿಗೆ ಗಳಿಸುವುದು ಕಷ್ಟ ಎಂಬುದು ಅರ್ಧ ಸತ್ಯ. ಗಳಿಸಿದ್ದನ್ನು ಬದುಕಾಗಿ ಮಾರ್ಪಡಿಸಿಕೊಳ್ಳುವುದೂ ಅವರಿಗೆ ಹೆಚ್ಚು ದುಬಾರಿ. ಉಳಿದವರು ಬಸ್ಸಿನಲ್ಲಿ ಹೋಗುವಲ್ಲಿ ಇವರು ಆಟೋ ಹಿಡಿಯಬೇಕು. ಜೊತೆಗೆ ಬರುವವರ ಕೂಲಿಯೂ ಖೋತಾ. ಒಂದೇ ಬಡತನ ರೇಖೆಯಿಂದ ಇಬ್ಬರನ್ನೂ ಅಳೆದರೆ ಅಂಗವಿಕಲರ ಬಡತನ ಅಂಕಿಅಂಶಗಳಲ್ಲಿ ಕಾಣುವುದೇ ಇಲ್ಲ. 2016ರ ಕಾಯಿದೆಯು ಸಾಮಾಜಿಕ ಭದ್ರತೆಯ ನೆರವು ಉಳಿದವರಿಗೆ ನೀಡುವುದಕ್ಕಿಂತ ಕನಿಷ್ಠ ಶೇಕಡಾ 25ರಷ್ಟು ಹೆಚ್ಚಿರಬೇಕೆಂದು ಹೇಳಿರುವುದರ ಹಿಂದೆ ಇದೇ ವಿವೇಕವಿದೆ.

ಹೊಸ ನಕ್ಷೆ ಬರೆಯುವ ಹೊತ್ತು

ಈ ಮಾತುಗಳನ್ನು ಈಗಲೇ ಆಡಬೇಕಾದುದಕ್ಕೆ ಕಾರಣವಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯು ಮಾಲೂರು, ಬಂಗಾರಪೇಟೆ, ಬೇತಮಂಗಲಗಳ ಭಾಗದಲ್ಲಿ ಹಾದುಹೋಗಿದೆ. ಬೆಮೆಲ್ ಸಂಸ್ಥೆಯಲ್ಲಿ ಬಳಕೆಯಾಗದೆ ಉಳಿದಿದ್ದ ಜಮೀನಿನಲ್ಲಿ ಕೈಗಾರಿಕಾ ಪ್ರದೇಶ ರೂಪಿಸುವ ಪ್ರಸ್ತಾವವನ್ನು ರಾಜ್ಯ ಸರ್ಕಾರ ಮುಂದಿಟ್ಟಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಸುಮಾರು ಒಂದು ಸಾವಿರ ಎಕರೆಯಲ್ಲಿ ಹರಡಿರುವ 13 ಸೈನೈಡ್ ದಿಬ್ಬಗಳ ಮರುಸಂಸ್ಕರಣೆಗೆ ಸಮ್ಮತಿ ಸೂಚಿಸಿತು. ನರಸಾಪುರ, ವೇಮಗಲ್, ಮಾಲೂರುಗಳಲ್ಲಿ ಈಗಾಗಲೇ ಆಗಿರುವ ಕೈಗಾರಿಕಾ ಬೆಳವಣಿಗೆ ಚಿನ್ನದ ನಾಡಿನತ್ತಲೂ ಚಾಚಬಹುದೆಂಬ ನಿರೀಕ್ಷೆ ವ್ಯಾಪಾರಿ ವಲಯದಲ್ಲಿದೆ.

ನಕ್ಷೆಯ ಹಂತದಲ್ಲಿ ಸೇರಿಸಿದ ಇಳಿಜಾರು ಹಾದಿಗೆ ತಗಲುವ ಹೆಚ್ಚುವರಿ ವೆಚ್ಚ ಅತ್ಯಲ್ಪ. ಕಟ್ಟಡ ಎದ್ದುನಿಂತ ಮೇಲೆ ಅದನ್ನು ಒಡೆದು ಕಟ್ಟುವುದು ದುಬಾರಿ ಮಾತ್ರವಲ್ಲ, ಬಹುಪಾಲು ನಡೆಯುವುದೇ ಇಲ್ಲ. ಆದ್ದರಿಂದ ಮುಂದಿನ ಕೆಲವು ವರ್ಷಗಳಲ್ಲಿ ಆಗುವ ತೀರ್ಮಾನವೇ ಮುಂದಿನ ಎರಡು ತಲೆಮಾರುಗಳಿಗೆ ಅನ್ವಯಿಸುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2016ರ ಕಾಯಿದೆಯ 37ನೇ ಪ್ರಕರಣವು ಬಡತನ ನಿವಾರಣೆಯ ಹಾಗೂ ಅಭಿವೃದ್ಧಿಯ ಯೋಜನೆಗಳಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಶೇಕಡಾ 5ರಷ್ಟು ಮೀಸಲಾತಿಯನ್ನೂ, ಅದರೊಳಗೆ ಮಹಿಳೆಯರಿಗೆ ಆದ್ಯತೆಯನ್ನೂ ವಿಧಿಸುತ್ತದೆ. ವಸತಿ, ವೃತ್ತಿ, ವ್ಯಾಪಾರ, ಉದ್ದಿಮೆಗಳಿಗಾಗಿ ರಿಯಾಯಿತಿ ದರದಲ್ಲಿ ಜಮೀನು ಹಂಚುವಾಗಲೂ ಶೇಕಡಾ 5ರಷ್ಟು ಇವರಿಗೆ ಮೀಸಲು. ಅಂದರೆ ಹೊಸ ಕೈಗಾರಿಕಾ ಪ್ರದೇಶದಲ್ಲಿ ವಿಕಲಚೇತನರು ಕೆಲಸ ಕೇಳುವವರಾಗಿ ಮಾತ್ರವಲ್ಲ, ನಿವೇಶನ ಪಡೆದು ಉದ್ದಿಮೆ ನಡೆಸುವವರಾಗಿಯೂ ಬರಬೇಕೆಂಬುದು ಶಾಸನದ ಆಶಯ. 44ನೇ ಪ್ರಕರಣದಂತೆ ಸುಗಮ ಪ್ರವೇಶದ ನಿಯಮಗಳನ್ನು ಪಾಲಿಸದ ನಕ್ಷೆಗೆ ಕಟ್ಟಡ ಪರವಾನಗಿ ನೀಡುವಂತಿಲ್ಲ. ಈ ನಿಯಮಗಳು ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಿರಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ.

ಖಾಸಗಿ ಉದ್ಯಮಗಳೂ ಇದರಿಂದ ಹೊರತಲ್ಲ. ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳ ಪಟ್ಟಿ, ಆಯ್ಕೆಯ ವಿಧಾನ, ಒದಗಿಸುವ ಸೌಲಭ್ಯಗಳು ಮತ್ತು ಸಂಪರ್ಕ ಅಧಿಕಾರಿಯ ವಿವರ ಇರಬೇಕು. ಈ ನೀತಿಯನ್ನು ಬರೆದಿಟ್ಟುಕೊಂಡಿರುವ ಅಕ್ಕಿ ಗಿರಣಿಗಳು, ಸಿದ್ಧ ಉಡುಪಿನ ಘಟಕಗಳು, ಖಾಸಗಿ ಶಾಲೆಗಳು, ಆಸ್ಪತ್ರೆಗಳು ಎಷ್ಟಿವೆ ಎಂಬುದನ್ನು ಸದಸ್ಯರು ತಮ್ಮನ್ನು ತಾವೇ ಕೇಳಿಕೊಳ್ಳುವುದು ಒಳಿತು.

ಉದ್ಯಮಿಗಳ ಆಕ್ಷೇಪಗಳು

ವಾಣಿಜ್ಯ ವಲಯದಿಂದ ಈ ಬಗ್ಗೆ ಸಾಮಾನ್ಯವಾಗಿ ಮೂರು ಆಕ್ಷೇಪಗಳು ಕೇಳಿಬರುತ್ತವೆ. ಅವುಗಳನ್ನು ಲಘುವಾಗಿ ತಳ್ಳಿಹಾಕುವುದು ನ್ಯಾಯವಲ್ಲ.

ಮೊದಲನೆಯದು ಖರ್ಚು. ಸಣ್ಣ ಘಟಕಗಳ ಲಾಭಾಂಶ ತೀರ ಕಡಿಮೆ, ವಿಶೇಷ ವ್ಯವಸ್ಥೆಗೆ ಹಣವೆಲ್ಲಿ ಎಂಬ ಪ್ರಶ್ನೆ ಸಹಜ. ಆದರೆ ಎಲ್ಲ ವೈಕಲ್ಯಗಳಿಗೂ ಕಟ್ಟಡ ಬದಲಿಸಬೇಕಾಗಿಲ್ಲ. ಕಿವಿ ಕೇಳದ ಕೆಲಸಗಾರನಿಗೆ ಬೇಕಾದುದು ಎಚ್ಚರಿಕೆಯ ಗಂಟೆಯ ಜೊತೆಗೆ ಒಂದು ಮಿನುಗುವ ದೀಪ ಮತ್ತು ನಾಲ್ಕು ಸಂಜ್ಞೆಗಳನ್ನು ಕಲಿತ ಮೇಲ್ವಿಚಾರಕ. ಒಂದು ಕಾಲು ದುರ್ಬಲವಾಗಿರುವವನಿಗೆ ನಿಂತು ಮಾಡುವ ಕೆಲಸದ ಬದಲು ಕುಳಿತು ಮಾಡುವ ಕೆಲಸ. ಸರ್ಕಾರದ ನೆರವೂ ಇಲ್ಲದಿಲ್ಲ. ವಿಕಲಚೇತನ ನೌಕರರ ಭವಿಷ್ಯನಿಧಿ ಹಾಗೂ ಇ.ಎಸ್.ಐ. ವಂತಿಗೆಯಲ್ಲಿ ಮಾಲೀಕರ ಪಾಲನ್ನು ಮೂರು ವರ್ಷಗಳ ಕಾಲ ತಾನೇ ಭರಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2008ರಲ್ಲಿಯೇ ಪ್ರಕಟಿಸಿತ್ತು. ಅದರ ಸುದ್ದಿ ತಾಲ್ಲೂಕು ಮಟ್ಟದ ಮಾಲೀಕರಿಗೆ ತಲುಪಲೇ ಇಲ್ಲವೆಂಬಷ್ಟು ಅದರ ಬಳಕೆ ವಿರಳವಾಗಿತ್ತು. ಇಂಥ ಮಾಹಿತಿಯನ್ನು ತಲುಪಿಸುವುದೇ ವಾಣಿಜ್ಯ ಸಂಸ್ಥೆಗಳ ಮೂಲ ಕರ್ತವ್ಯವಲ್ಲವೇ?

ಎರಡನೆಯದು ಸುರಕ್ಷತೆ. ಅಕ್ಕಿ ಗಿರಣಿಯ ಬಾಯ್ಲರಿನ ಬಳಿ, ತೆರೆದ ಪಟ್ಟಿಗಳು ಓಡುವ ಯಂತ್ರದ ಬಳಿ ದೃಷ್ಟಿಹೀನರನ್ನು ನಿಲ್ಲಿಸಲಾಗದು ಎಂಬುದು ನಿಜ. ಎಲ್ಲ ಕೆಲಸವೂ ಎಲ್ಲರಿಗೂ ಹೊಂದುವುದಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಗಿರಣಿಯೆಂದರೆ ಬಾಯ್ಲರ್ ಒಂದೇ ಅಲ್ಲ. ತೂಕ, ಲೆಕ್ಕ, ಮೂಟೆ ಹೊಲಿಗೆ, ಗುಣಮಟ್ಟದ ಪರಿಶೀಲನೆ, ದೂರವಾಣಿ, ಬಿಲ್ಲು ಎಂಬ ಹತ್ತಾರು ಕೆಲಸಗಳು ಅದರ ಒಳಗಿವೆ. ಒಂದು ಕೆಲಸ ಹೊಂದುವುದಿಲ್ಲವೆಂಬ ಕಾರಣಕ್ಕೆ ವ್ಯಕ್ತಿಯನ್ನೇ ಬೇಡವೆನ್ನುವುದು ತರ್ಕವಲ್ಲ. ಇನ್ನೂ ಒಂದು ಮಾತು: ತೆರೆದ ಪಟ್ಟಿ ಓಡುವ ಯಂತ್ರ ಕಣ್ಣಿದ್ದವರಿಗೂ ಅಪಾಯಕಾರಿಯೇ. ಅದಕ್ಕೆ ಕಾಪು ಹಾಕಿಸಿದರೆ ಅದರ ಲಾಭ ಎಲ್ಲರಿಗೂ.

ಮೂರನೆಯದು ಉತ್ಪಾದಕತೆ. ಇದಕ್ಕೆ ಉತ್ತರವನ್ನು ನೆರೆಹೊರೆಯಲ್ಲಿಯೇ ಕಾಣಬಹುದು. ಗಡಿಯಾಚೆಯ ಹೊಸೂರಿನಲ್ಲಿರುವ ಟೈಟಾನ್ ಕೈಗಡಿಯಾರ ಕಾರ್ಖಾನೆಯು ತನ್ನ ಆರಂಭದ ವರ್ಷಗಳಿಂದಲೇ ವಿಕಲಚೇತನರನ್ನು ನೇಮಿಸಿಕೊಂಡು, ಕೂದಲೆಳೆಯಷ್ಟು ಸೂಕ್ಷ್ಮವಾದ ಕೆಲಸದಲ್ಲಿ ಅವರನ್ನು ತೊಡಗಿಸಿದೆ. ಬೆಂಗಳೂರಿನಲ್ಲಿ ಪವಿತ್ರಾ ವೈ.ಎಸ್. ಅವರು 2006ರಲ್ಲಿ ಆರಂಭಿಸಿದ ವಿಂಧ್ಯಾ ಇ-ಇನ್ಫೋಮೀಡಿಯಾ ಸಂಸ್ಥೆಯ ಸಿಬ್ಬಂದಿಯಲ್ಲಿ ಹೆಚ್ಚಿನವರು ವಿಕಲಚೇತನರು. ಅದು ದೇಣಿಗೆಯಿಂದ ನಡೆಯುವ ಆಶ್ರಮವಲ್ಲ, ಗ್ರಾಹಕ ಸಂಸ್ಥೆಗಳಿಗೆ ಸೇವೆ ಮಾರಿ ಬದುಕುವ ಕಂಪನಿ. 1999ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಸಂಸ್ಥೆಯು ಅಭ್ಯರ್ಥಿಗಳಿಗೆ ತರಬೇತಿ ನೀಡುವುದರ ಜೊತೆಗೆ ಮಾಲೀಕರಿಗೂ ಮಾರ್ಗದರ್ಶನ ನೀಡುತ್ತಿದೆ. ಇವೆಲ್ಲ ಕೆ.ಜಿ.ಎಫ್.ನಿಂದ ಕೆಲವೇ ಗಂಟೆಗಳ ಹಾದಿ.

ಮನೆಯಿಂದ ಕೆಲಸದವರೆಗಿನ ಹಾದಿ

ಕೆಲಸ ಸೃಷ್ಟಿಯಾದರೆ ಸಾಲದು, ಅಲ್ಲಿಗೆ ತಲುಪಲು ಸಾಧ್ಯವಾಗಬೇಕು. ಗಣಿ ಕಾರ್ಮಿಕರ ಲೈನ್ ಮನೆಗಳು ಇಕ್ಕಟ್ಟಾದವು. ಸಾರ್ವಜನಿಕ ನಲ್ಲಿ, ಸಾಮೂಹಿಕ ಶೌಚಾಲಯ, ಏರಿಳಿತದ ಓಣಿಗಳ ನಡುವೆ ಗಾಲಿಕುರ್ಚಿಯೊಂದು ಸಾಗುವುದು ದುಸ್ತರ. ವಿತರಣೆಯಾದ ತ್ರಿಚಕ್ರ ವಾಹನ ಓಣಿಯ ಬಾಯಲ್ಲಿ ತುಕ್ಕು ಹಿಡಿಯುವುದಕ್ಕೆ ಫಲಾನುಭವಿಯ ಸೋಮಾರಿತನ ಕಾರಣವಲ್ಲ.

ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಸಾಗುವ ರೈಲು ಈ ಪ್ರದೇಶದ ಜೀವನಾಡಿ. ನಿಂತು ಹೋಗಲೂ ಎಡೆಯಿಲ್ಲದ ಬೋಗಿಗೆ, ಪ್ಲಾಟ್‌ಫಾರಂನಿಂದ ಎತ್ತರದ ಮೆಟ್ಟಿಲನ್ನು ಹತ್ತಿ, ಊರುಗೋಲಿನವರು ದಿನವೂ ಪ್ರಯಾಣಿಸುವುದು ಅಸಾಧ್ಯವೆನ್ನಬಹುದು. ಊರಿನಲ್ಲಿಯೇ ಕೆಲಸ ಬೇಕೆಂಬ ಒತ್ತಾಯ ಸಶಕ್ತರಿಗೆ ಅನುಕೂಲದ ಪ್ರಶ್ನೆ. ವಿಕಲಚೇತನರಿಗೆ ಅದು ಕೆಲಸ ಇದೆಯೋ ಇಲ್ಲವೋ ಎಂಬ ಪ್ರಶ್ನೆ.

ಗುರುತಿನ ಚೀಟಿಯ ಹಾದಿಯೂ ಸುಗಮವಲ್ಲ. 2021ರ ಜೂನ್‌ನಿಂದ ಅಂಗವೈಕಲ್ಯದ ಪ್ರಮಾಣಪತ್ರವನ್ನು ಯು.ಡಿ.ಐ.ಡಿ. ವ್ಯವಸ್ಥೆಯ ಮೂಲಕವೇ ಪಡೆಯಬೇಕು. ಅರ್ಜಿ ಹಾಕುವುದು, ತಪಾಸಣೆಗೆ ಕೋಲಾರದವರೆಗೆ ಹೋಗಬೇಕಾಗಿ ಬರುವುದು, ಜೊತೆಗೊಬ್ಬರನ್ನು ಕರೆದೊಯ್ಯುವುದು, ಇವೆಲ್ಲ ದಿನಗೂಲಿಯ ಕುಟುಂಬಕ್ಕೆ ಹೊರೆ. ತಮಿಳು, ತೆಲುಗು ಮನೆಮಾತಿನ ಕಾರ್ಮಿಕ ಕುಟುಂಬಗಳ ಹಿರಿಯರಿಗೆ ಅರ್ಜಿ ತುಂಬಲು ನೆರವಾಗುವವರೂ ಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುವುದು ಕರ್ನಾಟಕದ ಹೆಗ್ಗಳಿಕೆ. ಇವರಲ್ಲಿ ಹಲವರು ಸ್ವತಃ ವಿಕಲಚೇತನರು. ಅತ್ಯಲ್ಪ ಗೌರವಧನಕ್ಕೆ ದುಡಿಯುವ ಇವರಿಗೂ ಸ್ಥಳೀಯ ಮಾಲೀಕರಿಗೂ ನೇರ ಪರಿಚಯವಿದ್ದರೆ ಎಷ್ಟೋ ನೇಮಕಗಳು ತಾವಾಗಿಯೇ ನಡೆದಾವು.

ಆಗಬೇಕಾದುದು

ವಾಣಿಜ್ಯ ಸಂಸ್ಥೆಗಳು ತಮ್ಮ ವ್ಯಾಪ್ತಿಯಲ್ಲಿ ಕೂಡಲೇ ಕೈಗೊಳ್ಳಬಹುದಾದ ಕೆಲಸಗಳು ಕೆಲವಿವೆ.

ಮೊದಲನೆಯದಾಗಿ, ಸದಸ್ಯ ಘಟಕಗಳಲ್ಲಿ ವಿಕಲಚೇತನರು ಮಾಡಬಹುದಾದ ಕೆಲಸಗಳನ್ನು ಪಟ್ಟಿಮಾಡಿ, ಪುನರ್ವಸತಿ ಕಾರ್ಯಕರ್ತರ ಬಳಿಯಿರುವ ಹೆಸರುಗಳೊಡನೆ ಹೊಂದಿಸುವುದು. ಇದಕ್ಕೆ ಹೊಸ ಕಚೇರಿ ಬೇಡ, ತಿಂಗಳಿಗೊಂದು ಸಭೆ ಸಾಕು.

ಎರಡನೆಯದಾಗಿ, ಸಮಾನ ಅವಕಾಶ ನೀತಿಯ ಒಂದು ಸರಳ ಮಾದರಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚುವುದು. ಸಣ್ಣ ಮಾಲೀಕರು ಕಾನೂನು ಪಾಲಿಸದಿರುವುದಕ್ಕೆ ಅವಜ್ಞೆಗಿಂತ ಅಜ್ಞಾನವೇ ಹೆಚ್ಚು ಕಾರಣ.

ಮೂರನೆಯದಾಗಿ, ಸಾಲ. ರಾಷ್ಟ್ರೀಯ ವಿಕಲಚೇತನರ ಹಣಕಾಸು ನಿಗಮ 1997ರಿಂದಲೂ ಇದೆ. ಆದರೂ ಅಂಗಡಿ, ಹೊಲಿಗೆ, ಹಸು ಸಾಕಣೆಗೆ ಸಾಲ ಕೇಳುವ ವಿಕಲಚೇತನರು ಜಾಮೀನುದಾರರಿಲ್ಲದೆ ಹಿಂದಿರುಗುವುದುಂಟು. ಸ್ಥಳೀಯ ವರ್ತಕರು ಸರಕನ್ನು ಉದ್ದರಿಯಾಗಿ ಕೊಡುವುದು, ಹಾಲು ಸಂಘ ಹಾಗೂ ಸ್ತ್ರೀಶಕ್ತಿ ಗುಂಪುಗಳು ಇವರಿಗೆ ಸದಸ್ಯತ್ವ ನೀಡುವುದು, ಯಾವ ಸರ್ಕಾರಿ ಆದೇಶಕ್ಕೂ ಕಾಯಬೇಕಾಗಿಲ್ಲದ ಸುಧಾರಣೆಗಳು.

ನಾಲ್ಕನೆಯದಾಗಿ, ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ. 2013ರ ಕಂಪನಿ ಕಾಯಿದೆಯು ಅಂಗವಿಕಲರ ವೃತ್ತಿ ಕೌಶಲವನ್ನು ಈ ನಿಧಿಯ ಉದ್ದೇಶಗಳಲ್ಲಿ ಹೆಸರಿಸಿದೆ. ಉಪಕರಣ ವಿತರಣೆಯ ಸಮಾರಂಭಗಳಿಗಿಂತ, ಕೆಲಸದ ಖಾತರಿಯಿರುವ ತರಬೇತಿಗೆ ಈ ಹಣ ಹರಿದರೆ ಅದು ಮರಳಿ ಮಾರುಕಟ್ಟೆಗೇ ಬರುತ್ತದೆ.

ಐದನೆಯದಾಗಿ, ಸರ್ಕಾರದ ಮುಂದಿಡಬೇಕಾದ ಎರಡು ಬೇಡಿಕೆಗಳು. ಹೊಸ ಕೈಗಾರಿಕಾ ಪ್ರದೇಶದ ಅಧಿಸೂಚನೆಯಲ್ಲಿಯೇ ಶೇಕಡಾ 5ರ ನಿವೇಶನ ಮೀಸಲಾತಿ ಮತ್ತು ಸುಗಮ ಪ್ರವೇಶದ ಷರತ್ತು ಸೇರಬೇಕು. ಸಿಲಿಕೋಸಿಸ್ ಪೀಡಿತ ಹಳೆಯ ಗಣಿ ಕಾರ್ಮಿಕರನ್ನು ಗುರುತಿಸಿ ಪಿಂಚಣಿ ನೀಡುವ ರಾಜ್ಯ ನೀತಿ ಬರಬೇಕು. ಸೈನೈಡ್ ದಿಬ್ಬಗಳ ಮರುಸಂಸ್ಕರಣೆ ಆರಂಭವಾಗುವುದಾದರೆ ಧೂಳಿನ ನಿಯಂತ್ರಣ ಮತ್ತು ಕಾರ್ಮಿಕರ ನಿಯತ ಶ್ವಾಸಕೋಶ ಪರೀಕ್ಷೆ ಮೊದಲ ದಿನದಿಂದಲೇ ಒಪ್ಪಂದದ ಭಾಗವಾಗಿರಬೇಕು. ಇಲ್ಲವಾದರೆ ಹಳೆಯ ರೋಗಿಗಳಿಗೆ ನ್ಯಾಯ ಕೇಳುತ್ತಿರುವಾಗಲೇ ಹೊಸ ರೋಗಿಗಳು ಸಿದ್ಧವಾಗುತ್ತಿರುತ್ತಾರೆ.

ಕೋಲಾರದ ಚಿನ್ನವನ್ನು ಹೊರತೆಗೆದವರ ಹೆಸರುಗಳು ಲೆಕ್ಕಪುಸ್ತಕಗಳಲ್ಲಿ ಕೂಲಿಯ ಖಾತೆಯಲ್ಲಿದ್ದವು. ಶಕ್ತಿ ಕುಂದಿದ ಮೇಲೆ ಅವು ಪರಿಹಾರದ ಖಾತೆಗೆ, ಬಳಿಕ ದಾನದ ಖಾತೆಗೆ ವರ್ಗವಾದವು. ಈಗ ಹೊಸ ಲೆಕ್ಕಪುಸ್ತಕವೊಂದನ್ನು ತೆರೆಯುವ ಸಂದರ್ಭ ಬಂದಿದೆ. ಅವರ ಮತ್ತು ಅವರ ಮಕ್ಕಳ 
ಹೆಸರನ್ನು ಅದರ ಯಾವ ಪುಟದಲ್ಲಿ ಬರೆಯಬೇಕೆಂಬುದನ್ನು ಬಂಡವಾಳ ಹೂಡುವವರೂ ಪರವಾನಗಿ ನೀಡುವವರೂ ಮೊದಲ ಕಲ್ಲು ಇಡುವ ಮುನ್ನವೇ ನಿರ್ಧರಿಸಬೇಕು.